ಗಡಿಯಾಚೆ ಮಗಳ ಮನೆ

ಕರ್ನಾಟಕದ ನಕಾಶೆಯನ್ನು ಒಮ್ಮೆ ಬಿಡಿಸಿ ನೋಡಿ. ಬೆಂಗಳೂರಿನಿಂದ ಉತ್ತರಕ್ಕೆ ಬೆರಳು ಆಡಿಸುತ್ತ ಹೋದರೆ ತುಮಕೂರು ಜಿಲ್ಲೆಯ ತುದಿಯಲ್ಲಿ ಒಂದು ತುಂಡು ನೆಲ ಆಂಧ್ರಪ್ರದೇಶದ ಮಡಿಲಲ್ಲಿ ಹೋಗಿ ಕುಳಿತಂತೆ ಕಾಣುತ್ತದೆ. ಅದೇ ಪಾವಗಡ ತಾಲೂಕು. ಮೂರು ಕಡೆ ಆಂಧ್ರ. ಚಿತ್ರದುರ್ಗ ಜಿಲ್ಲೆಯ ಕಡೆಯಿಂದ ಮಾತ್ರ ಅದು ನಮ್ಮ ರಾಜ್ಯಕ್ಕೆ ಅಂಟಿಕೊಂಡಿದೆ. ತನ್ನ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಹೋಗಬೇಕೆಂದರೂ ಪಾವಗಡದವರು ಮಧುಗಿರಿಯ ದಾರಿಯಲ್ಲಿ ಒಂದಷ್ಟು ದೂರ ಆಂಧ್ರದ ನೆಲವನ್ನು ತುಳಿದೇ ಹೋಗಬೇಕು. ದಾರಿಬದಿಯ ಅಂಗಡಿಯ ಬೋರ್ಡುಗಳು ಕನ್ನಡದಿಂದ ತೆಲುಗಿಗೆ, ಮತ್ತೆ ತೆಲುಗಿನಿಂದ ಕನ್ನಡಕ್ಕೆ ಬದಲಾಗುತ್ತವೆ. ಬಸ್ಸಿನಲ್ಲಿ ನಿದ್ದೆ ಮಾಡುವವರಿಗೆ ಅದು ಗೊತ್ತೂ ಆಗುವುದಿಲ್ಲ.

ನಮ್ಮಲ್ಲಿ ಪ್ರವಾಸವೆಂದರೆ ಮಡಿಕೇರಿ, ಊಟಿ, ಮೈಸೂರು. ಪಾವಗಡಕ್ಕೆ ಪ್ರವಾಸ ಹೋಗೋಣವೆಂದರೆ ಮಕ್ಕಳು ಮುಖ ನೋಡುತ್ತಾರೆ. ಶನಿ ಮಹಾತ್ಮನ ದೇವಸ್ಥಾನಕ್ಕೆ ಬರುವ ಭಕ್ತರನ್ನು, ಇತ್ತೀಚೆಗೆ ಸೋಲಾರ್ ಪಾರ್ಕ್ ನೋಡಲು ಬರುವವರನ್ನು ಬಿಟ್ಟರೆ ಅಲ್ಲಿಗೆ ಸುಮ್ಮನೆ ಹೋಗುವವರು ಕಡಿಮೆ. ಆದರೆ ಒಂದು ಗಡಿಯೂರಿನಲ್ಲಿ ನಾಲ್ಕು ದಿನ ಉಳಿದರೆ ಕಾಣುವುದು ದೊಡ್ಡ ಪ್ರವಾಸಿ ಊರುಗಳಲ್ಲಿ ಕಾಣುವುದಿಲ್ಲ. ಈ ಸಲದ ಅಂಕಣ ಅದರ ಬಗ್ಗೆಯೇ.

ಹೋಗಲು ಒಳ್ಳೆಯ ಸಮಯ ನವೆಂಬರ್ ಕೊನೆ, ಡಿಸೆಂಬರ್ ಆರಂಭ. ಬೇಸಿಗೆಯಲ್ಲಿ ಆ ಕಲ್ಲುಬೆಟ್ಟಗಳು ಹೆಂಚಿನಂತೆ ಕಾಯುತ್ತವೆ. ಹಿಂಗಾರು ಮಳೆ ಮುಗಿದು ಚಳಿ ಇಳಿಯುವ ಹೊತ್ತಿನಲ್ಲಿ ಮಾತ್ರ ಆ ಸೀಮೆಗೆ ಸ್ವಲ್ಪ ಹಸಿರಿನ ಭಾಗ್ಯ. ಕಳೆದ ಚಳಿಗಾಲದ ಆರಂಭದಲ್ಲಿ ನಾವು ಹೋದಾಗ ತುಮಕೂರು ದಾಟುವಷ್ಟರಲ್ಲೇ ಶಾಲು ಹೊದ್ದುಕೊಳ್ಳಬೇಕಾಯಿತು. ಕೊರಟಗೆರೆಯ ಬಳಿ ಜಯಮಂಗಲಿ, ಮುಂದೆ ಮಂಜಿನಲ್ಲಿ ಅರ್ಧ ಮುಚ್ಚಿಹೋದ ಮಧುಗಿರಿಯ ಏಕಶಿಲಾ ಬೆಟ್ಟ, ಆಮೇಲೆ ಮಿಡಿಗೇಶಿ. ಅಲ್ಲಿಂದ ಮುಂದೆ ಹೊಲಗಳಲ್ಲಿ ಕಡಲೆಕಾಯಿ ಗಿಡ ಕಿತ್ತು ಮೆದೆ ಹಾಕಿದ್ದರು. ಹೆಂಗಸರು ಸಾಲಾಗಿ ಕುಳಿತು ಕಾಯಿ ಬಿಡಿಸುತ್ತಿದ್ದರು. ಪಾವಗಡದ ಬಸ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಬೆಟ್ಟ, ಬೆಟ್ಟದ ಮೇಲೆ ಹಳೆಯ ಕೋಟೆಯ ಗೋಡೆ. ಕೋಟೆ ಕಟ್ಟುವಾಗ ಹಾವಿನ ಚಿತ್ರವಿದ್ದ ಕಲ್ಲು ಸಿಕ್ಕಿತಂತೆ, ಅದಕ್ಕೇ ‘ಪಾವುಗಡ’ ಎಂದು ಹೆಸರಾಯಿತು ಎನ್ನುತ್ತಾರೆ.

ನಾವು ಹೋಗಬೇಕಿದ್ದುದು ಪಾವಗಡದಿಂದ ಸುಮಾರು 15 ಕಿಲೋಮೀಟರ್ ದೂರದ ನಾಗಲಮಡಿಕೆಗೆ. ಅದು ಹೋಬಳಿ ಕೇಂದ್ರ. ಉತ್ತರ ಪಿನಾಕಿನಿ ನದಿಯ ದಡದಲ್ಲಿರುವ ಊರು. ಕುಕ್ಕೆ, ಘಾಟಿಗಳ ಜೊತೆಗೆ ಅಂತ್ಯ ಸುಬ್ರಹ್ಮಣ್ಯವೆಂದು ಹೆಸರಾದ ದೇವಸ್ಥಾನ ಅಲ್ಲಿದೆ. ಚಳಿಗಾಲದ ಜಾತ್ರೆಗೆ ಎರಡೂ ರಾಜ್ಯಗಳ ಜನ ಸೇರುತ್ತಾರೆ. ನಮ್ಮ ತಾಯಿಯ ತಂಗಿ, ಅಂದರೆ ನನ್ನ ಖಾಲಾ, ಮದುವೆಯಾಗಿ ಹೋದದ್ದು ಆ ಊರಿಗೆ. ಖಾಲು ತೀರಿಕೊಂಡು ಬಹಳ ವರ್ಷಗಳಾದವು. ಈಗ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದಾರೆ.

ಬೆಳಿಗ್ಗೆ ಫಜ್ರ್ ಮುಗಿಸಿ ಖಾಲಾ ನನ್ನನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋದರು. ಅವರ ಬಾಯಲ್ಲಿ ಪಿನಾಕಿನಿ ಎಂಬ ಹೆಸರಿಲ್ಲ. ಉರ್ದುವಿನಲ್ಲಿ ‘ನದ್ದಿ’, ಪಕ್ಕದ ಮನೆಯವರೊಂದಿಗೆ ತೆಲುಗಿನಲ್ಲಿ ‘ಏರು’, ನನ್ನ ಮಕ್ಕಳೊಂದಿಗೆ ಕನ್ನಡದಲ್ಲಿ ‘ಹೊಳೆ’. ಒಂದೇ ಮಾತಿನಲ್ಲಿ ಮೂರು ಭಾಷೆ ಬಂದುಹೋಗುತ್ತಿತ್ತು. ಚಳಿಗೆ ಮಫ್ಲರ್ ಸುತ್ತಿಕೊಂಡ ಕುರಿಗಾಹಿಗಳು ದಡದಲ್ಲಿ ಬೆಂಕಿ ಹಾಕಿಕೊಂಡು ಕುಳಿತಿದ್ದರು. ಮರಳಿನ ನಡುವೆ ನೀರು ಒಂದು ಎಳೆಯಾಗಿ ಹರಿಯುತ್ತಿತ್ತು. ಜೊಂಡು, ಜಾಲಿ, ಅಲ್ಲಲ್ಲಿ ಗುಂಡಿಗಳು. “ನೀನು ಚಿಕ್ಕವಳಿದ್ದಾಗ ಬಂದಿದ್ದರೆ ಇಷ್ಟೂ ನೀರು ಇರುತ್ತಿರಲಿಲ್ಲ ಬೇಟಿ” ಎಂದರು ಖಾಲಾ. ವರ್ಷಗಟ್ಟಲೆ ಈ ನದಿ ಬರೀ ಮರಳಾಗಿತ್ತು. ಆ ಮರಳನ್ನೂ ಲಾರಿಗಳು ಹೊತ್ತುಕೊಂಡು ಹೋದವು. 2022ರ ಮಳೆಗಾಲದಲ್ಲಿ ಹೊಳೆ ದಡ ತುಂಬಿ ಬಂದಾಗ ಊರಿಗೆ ಊರೇ ನೋಡಲು ಓಡಿಬಂದಿತ್ತಂತೆ. ಹದಿನೈದು ವರ್ಷದ ಮಕ್ಕಳು ತಮ್ಮೂರಿನಲ್ಲಿ ನದಿಯೊಂದಿದೆ ಎಂಬುದನ್ನು ಅಂದೇ ಕಣ್ಣಾರೆ ಕಂಡರು.

ಈ ನದಿಯ ದಾರಿಯೇ ವಿಚಿತ್ರ. ಚಿಕ್ಕಬಳ್ಳಾಪುರದ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ ಆಂಧ್ರದ ಹಿಂದೂಪುರದ ಕಡೆಗೆ ಹೋಗುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿದ ನಮ್ಮ ಜಯಮಂಗಲಿ ಅಲ್ಲಿಯೇ ಬಂದು ಅದನ್ನು ಸೇರುತ್ತದೆ. ಮತ್ತೆ ಕರ್ನಾಟಕಕ್ಕೆ ಮರಳಿ ಪಾವಗಡ ತಾಲೂಕಿನಲ್ಲಿ ಹರಿದು, ಪುನಃ ಆಂಧ್ರಕ್ಕೆ ಹೋಗಿ ಪೇರೂರಿನ ಅಣೆಕಟ್ಟು, ಗಂಡಿಕೋಟೆಯ ಕಂದರ ದಾಟಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ಒಟ್ಟು 597 ಕಿಲೋಮೀಟರ್ ಹರಿಯುವ ನದಿ ಕರ್ನಾಟಕದಲ್ಲಿ ಇರುವುದು 61 ಕಿಲೋಮೀಟರ್ ಮಾತ್ರ. ಎಷ್ಟು ಸಲ ಗಡಿ ದಾಟಿತು ಎಂದು ನದಿಯನ್ನು ಯಾರೂ ಕೇಳುವುದಿಲ್ಲ. ಆದರೆ ಅದರ ನೀರಿನ ಲೆಕ್ಕ ಹಳೆಯದು. ಮೈಸೂರು ಮತ್ತು ಮದರಾಸು ಸರಕಾರಗಳು 1892ರಲ್ಲಿ ಮಾಡಿಕೊಂಡ ಒಪ್ಪಂದದ ನದಿಗಳ ಪಟ್ಟಿಯಲ್ಲಿ ಉತ್ತರ ಪಿನಾಕಿನಿಯೂ ಇದೆ.

ಗಡಿಯೂ ಹಾಗೆಯೇ, ನಾವು ತಿಳಿದುಕೊಂಡಂತೆ 1956ರಲ್ಲಿ ಹುಟ್ಟಿದ್ದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ ಅವರ ರಾಜ್ಯವನ್ನು ಹಂಚಿಕೊಂಡರಲ್ಲ, ಆಗ ಪಾವಗಡ ಮೈಸೂರಿನಲ್ಲಿ ಉಳಿಯಿತು. ಸುತ್ತಲಿನ ಸೀಮೆ ಹೈದರಾಬಾದಿನ ನಿಜಾಮರ ಪಾಲಿಗೆ ಹೋಯಿತು. ನಿಜಾಮರು ಮರುವರ್ಷವೇ, 1800ರಲ್ಲಿ, ಅದನ್ನು ಕಂಪನಿಗೆ ಬಿಟ್ಟುಕೊಟ್ಟರು. ಅಂದಿನಿಂದ ಈ ಕಡೆ ಮೈಸೂರು, ಆ ಕಡೆ ಮದರಾಸು. 1953ರಲ್ಲಿ ಆಂಧ್ರ ರಾಜ್ಯವಾದಾಗಲೂ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗಲೂ ಹೆಚ್ಚುಕಡಿಮೆ ಅದೇ ಗೆರೆ ಉಳಿಯಿತು. ಇನ್ನೂರು ವರ್ಷಗಳ ಹಿಂದೆ ಯುದ್ಧ ಗೆದ್ದವರು ಎಳೆದ ಗೆರೆಯದು. ಗೆರೆಯ ಎರಡು ಬದಿಯ ಜನ ಮಾತ್ರ ಹೆಣ್ಣು ಕೊಡುವುದನ್ನೂ ತರುವುದನ್ನೂ ನಿಲ್ಲಿಸಲಿಲ್ಲ. ಪಾವಗಡದ ಮನೆಗಳಲ್ಲಿ ಸೊಸೆಯ ಊರು ಯಾವುದೆಂದು ಕೇಳಿ. ಹಿಂದೂಪುರ, ಮಡಕಶಿರ, ಪೆನುಕೊಂಡ, ಕಲ್ಯಾಣದುರ್ಗ, ಧರ್ಮಾವರಂ ಎಂಬ ಉತ್ತರ ಬರುತ್ತದೆ.

ಬೇರೆ ದೇಶಗಳಲ್ಲಿ ಇಂತಹ ನದಿಯ ಗಡಿಯೂರುಗಳು ದೊಡ್ಡ ಪ್ರವಾಸಿ ತಾಣಗಳಾಗಿವೆ. ಥಾಯ್ಲೆಂಡಿನ ಪಶ್ಚಿಮದ ಅಂಚಿನಲ್ಲಿರುವ ಮೆ ಸಾಟ್ ಅಂಥದೊಂದು. ಮೋಯಿ ನದಿಯ ಈಚೆ ಥಾಯ್ಲೆಂಡ್, ಆಚೆ ಬರ್ಮಾದ ಮ್ಯಾವಾಡಿ. ಅಲ್ಲಿಯೂ ಮಳೆ ನಿಂತು ತಂಪು ಬೀಳುವುದು ನವೆಂಬರಿನಲ್ಲಿಯೇ. 1997ರಲ್ಲಿ ಸೇತುವೆಯಾದ ಮೇಲೆ ವ್ಯಾಪಾರ ಬೆಳೆಯಿತು. ಪೇಟೆಯಲ್ಲಿ ಮಸೀದಿಯಿದೆ, ಬರ್ಮಾದಿಂದ ಬಂದ ಮುಸ್ಲಿಮರ ಅಂಗಡಿಗಳಿವೆ. ಆದರೆ ಆ ಊರಿನ ಹೆಸರನ್ನು ಜಗತ್ತಿಗೆ ಪರಿಚಯಿಸಿದ್ದು ಪೇಟೆಯಲ್ಲ, ಒಂದು ದವಾಖಾನೆ. ಬರ್ಮಾದ ಸೈನಿಕ ಆಡಳಿತದಿಂದ ತಪ್ಪಿಸಿಕೊಂಡು ಬಂದ ವೈದ್ಯೆ ಸಿಂಥಿಯಾ ಮಾಂಗ್ 1989ರಲ್ಲಿ ಅಲ್ಲಿ ಮೆ ತಾವ್ ಚಿಕಿತ್ಸಾಲಯ ತೆರೆದರು. ಕಾಗದಪತ್ರವಿಲ್ಲದೆ ಗಡಿ ದಾಟಿದ ಬಡ ಹೆಂಗಸರ ಹೆರಿಗೆಗಳು ಅಲ್ಲಿ ನಡೆದವು. 2002ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ನದಿ ದಾಟುವವರ ಎದೆಯಲ್ಲಿ ಭಯವಿರುತ್ತದೆ. ನಮ್ಮಲ್ಲಿ ಅಂತಹ ಭಯವಿಲ್ಲ, ಅಲ್ಲಾಹನಿಗೆ ಸ್ತುತಿ. ಪಾವಗಡದಲ್ಲಿಯೂ ಸ್ವಾಮಿ ಜಪಾನಂದರ ರಾಮಕೃಷ್ಣ ಸೇವಾಶ್ರಮವು ಕುಷ್ಠ, ಕ್ಷಯ ಹಾಗೂ ಕಣ್ಣಿನ ರೋಗಿಗಳಿಗೆ ನಡೆಸುತ್ತಿರುವ ಆಸ್ಪತ್ರೆಗೆ ಎರಡೂ ರಾಜ್ಯಗಳಿಂದ ಜನ ಬರುತ್ತಾರೆ. ರೋಗಿಗೆ ಗಡಿಯಿಲ್ಲ ಎಂಬುದನ್ನು ಈ ಎರಡೂ ಊರುಗಳು ತೋರಿಸಿವೆ.

ಆದರೆ ಕಾಗದಕ್ಕೆ ಗಡಿಯಿದೆ. ಅದನ್ನು ನನಗೆ ಮನದಟ್ಟು ಮಾಡಿದವಳು ಖಾಲಾರ ಮಗಳು.

ಅವಳನ್ನು ಹದಿನೈದು ವರ್ಷಗಳ ಹಿಂದೆ ಪೆನುಕೊಂಡದ ಕಡೆಯ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ರೊದ್ದಂ ದಾರಿಯಲ್ಲಿ ಹೋದರೆ ದೂರವೇನಲ್ಲ. ಬೆಳಿಗ್ಗೆ ತವರಿಗೆ ಬಂದು ಸಂಜೆಗೆ ಮರಳಬಹುದು. “ತುಮಕೂರಿಗೆ ಕೊಟ್ಟಿದ್ದರೆ ಇದಕ್ಕಿಂತ ದೂರವಾಗುತ್ತಿತ್ತು” ಎಂದು ಆಗ ಎಲ್ಲರೂ ಸಂತೋಷಪಟ್ಟಿದ್ದರು. ಹುಡುಗನೂ ಒಳ್ಳೆಯವನು. ಎರಡು ವರ್ಷಗಳ ಹಿಂದೆ ಅವನು ಎದೆನೋವಿನಿಂದ ತೀರಿಕೊಂಡ. ಇನ್ನಾ ಲಿಲ್ಲಾಹ್. ದೊಡ್ಡ ಮಗ ಎಂಟನೆಯ ತರಗತಿ, ಮಗಳು ಮೂರನೆಯ ತರಗತಿ. ಇದ್ದತ್ ಮುಗಿದ ಮೇಲೆ ತಾಯಿಯ ಬಳಿಗೆ ಬಂದುಬಿಡುತ್ತೇನೆಂದು ಅವಳು, ಬಂದುಬಿಡು ಎಂದು ಖಾಲಾ. ಒಬ್ಬರಿಗೊಬ್ಬರು ಆಸರೆ. ಸಹಜವಾದ ಆಸೆ. ನಾವು ಹೋಗಿದ್ದಾಗ ಅವಳೂ ಮಕ್ಕಳೊಂದಿಗೆ ಬಂದಿದ್ದಳು. ರಾತ್ರಿ ಚಳಿಗೆ ಒಲೆಯ ಮುಂದೆ ಕುಳಿತು ಕಡಲೆಕಾಯಿ ಸುಡುತ್ತ ಅವಳು ಲೆಕ್ಕ ಹೇಳತೊಡಗಿದಳು. ನಾನು ಕೇಳುತ್ತ ಹೋದೆ.

ಆಂಧ್ರದಲ್ಲಿ 2024ರ ಜುಲೈಯಿಂದ ವಿಧವೆಯರ ಪಿಂಚಣಿ ತಿಂಗಳಿಗೆ 4,000 ರೂಪಾಯಿ. ಪ್ರತಿ ತಿಂಗಳ ಒಂದನೇ ತಾರೀಕಿನಂದು ಮನೆಬಾಗಿಲಿಗೆ ತಂದು ಕೊಡುತ್ತಾರೆ. ಕರ್ನಾಟಕದ ವಿಧವಾ ವೇತನ 2025ರಲ್ಲಿ 800 ರೂಪಾಯಿ. ತವರಿಗೆ ಬಂದರೆ ಆ ನಾಲ್ಕು ಸಾವಿರ ಹೋಗುತ್ತದೆ. ಈ ಎಂಟುನೂರಕ್ಕಾಗಿ ವಾಸದ ದಾಖಲೆಯಿಂದ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು. ವಿಚಾರಿಸಲೆಂದು ಒಂದು ಕಚೇರಿಗೆ ಹೋದರೆ “ನೀವು ಆಂಧ್ರದವರು” ಎಂದರಂತೆ. “ನಾನು ಇಲ್ಲಿಯೇ ಹುಟ್ಟಿದವಳು, ಇಲ್ಲಿಯ ಶಾಲೆಯಲ್ಲೇ ಹತ್ತನೆಯ ತರಗತಿಯವರೆಗೆ ಓದಿದವಳು” ಎಂದಳಂತೆ ಅವಳು. ಆಧಾರ್ ಕಾರ್ಡಿನ ವಿಳಾಸ ಬೇರೆಯೇ ಹೇಳುತ್ತಿತ್ತು.

ಮಗನ ಓದಿನ ಲೆಕ್ಕ ಇನ್ನೂ ಕಷ್ಟದ್ದು. ಅವನು ಇದುವರೆಗೆ ಕಲಿತದ್ದು ತೆಲುಗು. ಕರ್ನಾಟಕದ ಶಾಲೆಗಳಲ್ಲಿ 2015ರ ಕಾನೂನಿನ ಪ್ರಕಾರ ಕನ್ನಡ ಕಲಿಯಲೇಬೇಕು. ಕನ್ನಡ ಕಲಿಯುವುದು ಒಳ್ಳೆಯದೇ. ಮನೆಯಲ್ಲಿ ಅಜ್ಜಿಯೊಂದಿಗೆ ಅವನು ಚೆನ್ನಾಗಿಯೇ ಕನ್ನಡ ಮಾತಾಡುತ್ತಾನೆ. ಆದರೆ ಎಂಟನೆಯ ತರಗತಿಯಲ್ಲಿ ಅಕ್ಷರದಿಂದ ಆರಂಭಿಸಿ ಎರಡು ವರ್ಷದಲ್ಲಿ ಎಸ್ಸೆಸ್ಸೆಲ್ಸಿ ಬರೆಯುವುದು ಎಲ್ಲ ಮಕ್ಕಳಿಂದಲೂ ಆಗುವ ಕೆಲಸವಲ್ಲ. ಮುಂದೆ ಇಂಜಿನಿಯರಿಂಗ್‌ನಂತಹ ಕೋರ್ಸುಗಳಿಗೆ ಇಲ್ಲಿಯ ಸಿಇಟಿಯಲ್ಲಿ ಸರಕಾರಿ ಸೀಟು ಬೇಕೆಂದರೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬುದು ಸಾಮಾನ್ಯ ನಿಯಮ. ಕೆಲವು ವಿನಾಯಿತಿಗಳಿವೆ, ಆದರೆ ಅವೂ ಕಾಗದಗಳ ಮೇಲೆಯೇ ನಿಂತಿವೆ. ಆಂಧ್ರದಲ್ಲಿ ‘ಸ್ಥಳೀಯ’ ಎನಿಸಿಕೊಳ್ಳಲು ಅಲ್ಲಿ ಸತತ ನಾಲ್ಕು ವರ್ಷ ಓದಿರಬೇಕು. ಎಂಟನೆಯ ತರಗತಿಯಲ್ಲಿ ಊರು ಬದಲಿಸಿದ ಹುಡುಗ ಇಲ್ಲಿಯ ಲೆಕ್ಕಕ್ಕೂ ಅಲ್ಲಿಯ ಲೆಕ್ಕಕ್ಕೂ ಸಿಗದೆ ಹೋಗಬಹುದು.

ಹಿಂದುಳಿದ ವರ್ಗದ ಪ್ರಮಾಣಪತ್ರದ ಕಥೆಯೂ ಅಷ್ಟೇ. ನಮ್ಮಲ್ಲಿ ಮುಸ್ಲಿಮರನ್ನು ಪ್ರವರ್ಗ 2ಬಿ ಎನ್ನುತ್ತೇವೆ. ಆಂಧ್ರದಲ್ಲಿ 2007ರ ಕಾನೂನಿನಿಂದ ಮುಸ್ಲಿಮರ ಕೆಲವು ಗುಂಪುಗಳು ಬಿಸಿ-ಇ ಎಂಬ ಪಟ್ಟಿಯಲ್ಲಿ ಬರುತ್ತವೆ. ಒಂದು ರಾಜ್ಯದ ಪ್ರಮಾಣಪತ್ರ ಇನ್ನೊಂದು ರಾಜ್ಯದ ಮೀಸಲಾತಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಅಕ್ಕ ಪಾವಗಡದಲ್ಲಿ, ತಂಗಿ ಹಿಂದೂಪುರದಲ್ಲಿ ಇದ್ದರೆ ಒಂದೇ ತಾಯಿಯ ಮಕ್ಕಳ ಮಕ್ಕಳು ಎರಡು ಬೇರೆ ಬೇರೆ ಪಟ್ಟಿಗಳಲ್ಲಿ ಬರುತ್ತಾರೆ.

ಬಸ್ಸಿನ ವಿಷಯ ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಹೆಂಗಸರಿಗೆ ಸರಕಾರಿ ಬಸ್ಸು ಉಚಿತ. ಆಂಧ್ರದಲ್ಲಿಯೂ 2025ರ ಆಗಸ್ಟ್ 15ರಿಂದ ‘ಸ್ತ್ರೀ ಶಕ್ತಿ’ ಎಂಬ ಹೆಸರಿನಲ್ಲಿ ಅದೇ ಸೌಲಭ್ಯ ಬಂತು. ಆದರೆ ಕರ್ನಾಟಕದ ಯೋಜನೆ ಕರ್ನಾಟಕದ ವಿಳಾಸವಿರುವವರಿಗೆ, ಆಂಧ್ರದ್ದು ಆಂಧ್ರದ ವಿಳಾಸವಿರುವವರಿಗೆ. ಅಲ್ಲಿಯ ಯೋಜನೆ ಅಂತರರಾಜ್ಯ ಬಸ್ಸಿನಲ್ಲಿ ನಡೆಯುವುದಿಲ್ಲ. ಈಗ ಖಾಲಾ ಮಗಳನ್ನು ನೋಡಲು ಹೊರಟರೆ ಪಾವಗಡದವರೆಗೆ ಉಚಿತ, ಆಂಧ್ರದ ಬಸ್ಸು ಹತ್ತಿದರೆ ಟಿಕೆಟ್. ಮಗಳು ತಾಯಿಯನ್ನು ನೋಡಲು ಹೊರಟರೆ ಅಲ್ಲಿಯ ಬಸ್ಸು ಉಚಿತ, ತಾನು ಹುಟ್ಟಿದ ತಾಲೂಕಿನ ಬಸ್ಸಿನಲ್ಲಿ ಟಿಕೆಟ್. “ತವರಿನ ಬಸ್ಸಿನಲ್ಲೇ ನಾನು ಪರದೇಶಿ ಆದೆ ಆಪಾ” ಎಂದು ಅವಳು ನಕ್ಕಳು. ಖಾಲಾ ನಗಲಿಲ್ಲ.

“ಹಾಗಾದರೆ ನೀವೇ ಅವಳ ಮನೆಗೆ ಹೋಗಿ ಇದ್ದುಬಿಡಿ ಖಾಲಾ” ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ನನ್ನ ರೇಷನ್ ಕಾರ್ಡು ಇಲ್ಲಿದೆ. ವೃದ್ಧಾಪ್ಯ ವೇತನ ಇಲ್ಲಿದೆ. ಗೃಹಲಕ್ಷ್ಮಿಯ ಎರಡು ಸಾವಿರ ಇಲ್ಲಿದೆ. ನಿನ್ನ ಖಾಲುವಿನ ಖಬರ್ ಇಲ್ಲಿದೆ. ನಾನು ಅಲ್ಲಿಗೆ ಹೋದರೆ ಮಗಳಿಗೆ ಭಾರ, ಅವಳು ಇಲ್ಲಿಗೆ ಬಂದರೆ ನನಗಲ್ಲ, ಅವಳ ಮಕ್ಕಳಿಗೆ ನಷ್ಟ.”

ಅಕ್ಷರ ಹೆಚ್ಚು ಬಾರದ ಆ ಹೆಂಗಸು ಎರಡು ಸರಕಾರಗಳ ಲೆಕ್ಕವನ್ನು ಎಷ್ಟು ಸರಿಯಾಗಿ ಹಾಕಿದ್ದರು! ತಾಯಿಯ ಬದುಕಿನ ಆಸರೆಗಳೆಲ್ಲ ಗೆರೆಯ ಈಚೆ, ಮಗಳ ಆಸರೆಗಳೆಲ್ಲ ಗೆರೆಯ ಆಚೆ. ಯಾವ ಸರಕಾರವೂ ಅವರಿಗೆ ಅನ್ಯಾಯ ಮಾಡಬೇಕೆಂದು ಮಾಡಿದ್ದಲ್ಲ. ಪ್ರತಿಯೊಂದು ಯೋಜನೆಯೂ ಬಡವರಿಗೆ ಒಳಿತಾಗಲೆಂದೇ ಬಂದದ್ದು. ಆದರೆ ಮದುವೆಯಾಗಿ ಗಡಿ ದಾಟಿದವಳು ಇದ್ದಾಳೆ ಎಂಬುದು ಆ ನಿಯಮ ಬರೆಯುವಾಗ ಯಾರಿಗೂ ನೆನಪಾದಂತಿಲ್ಲ. ಗಂಡಸು ಹುಟ್ಟಿದ ಊರಿನಲ್ಲೇ ಇರುತ್ತಾನೆ. ವಿಳಾಸ ಬದಲಾಗುವುದು ಹೆಣ್ಣಿನದು. ಆದ್ದರಿಂದ ಗಡಿಯ ಸುಂಕ ಕಟ್ಟುವವಳೂ ಅವಳೇ.

ಮರುದಿನ ಅವಳೊಂದಿಗೆ ತಿರುಮಣಿಯ ಕಡೆಗೆ ಹೋಗಿದ್ದೆವು. ಅದೇ ಹೋಬಳಿಯ ಊರು. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹರಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು. ಚಳಿಗಾಲದ ತಿಳಿ ಬಿಸಿಲಿನಲ್ಲಿ ದೂರದಿಂದ ನೋಡಿದರೆ ಕೆರೆಯೇ ತುಂಬಿ ನಿಂತಂತೆ ಕಾಣುತ್ತದೆ. ನನ್ನ ಚಿಕ್ಕ ಮಗ “ಅಮ್ಮೀ, ನೀರು!” ಎಂದು ಕೂಗಿದ. ಮಳೆ ಕೈಕೊಟ್ಟು ಸೋತಿದ್ದ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ನಿಗದಿಯಾಯಿತು, ಎರಡು ವರ್ಷಕ್ಕೊಮ್ಮೆ ಅದು ಸ್ವಲ್ಪ ಏರುತ್ತದೆ. ಭೂಮಿ ಮಾರದೆ ಉಳಿಸಿಕೊಂಡು ಬಾಡಿಗೆ ಪಡೆಯುವ ಈ ಕ್ರಮ ಒಳ್ಳೆಯದೇ. ಆದರೆ ಭೂಮಿಯೇ ಇಲ್ಲದೆ ಕಳೆ ಕೀಳುತ್ತ, ಕಡಲೆಕಾಯಿ ಬಿಡಿಸುತ್ತ ಬದುಕುತ್ತಿದ್ದ ಹೆಂಗಸರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಅವರ ಕೂಲಿಯ ಹೊಲವೂ ಬೇಲಿಯೊಳಗೆ ಹೋಯಿತು.

ನೀರಿನ ಬಗ್ಗೆ ಒಂದು ಮಾತು ಹೇಳದೆ ಪಾವಗಡದ ಬಗ್ಗೆ ಬರೆಯಲಾಗದು. ಆ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. ಅಂಶ ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮೊಣಕಾಲು ಬಾಗುತ್ತವೆ. ಖಾಲಾ ನಮಾಜಿಗೆ ಈಗ ಕುರ್ಚಿಯ ಮೇಲೆ ಕೂರುತ್ತಾರೆ. ಅವರ ಓರಗೆಯ ಬಹಳ ಹೆಂಗಸರದ್ದು ಅದೇ ಸ್ಥಿತಿ. ಒಂದು ವಿಷಯವನ್ನು ಗೃಹಿಣಿಯರು ನೆನಪಿಡಬೇಕು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಅಂಶ ಹೆಚ್ಚುತ್ತದೆ. ಕುಡಿಯಲು ಮಾತ್ರವಲ್ಲ, ಅನ್ನ, ಬೇಳೆ ಬೇಯಿಸಲೂ ಶುದ್ಧೀಕರಿಸಿದ ನೀರನ್ನೇ ಬಳಸಬೇಕು. ತುಂಗಭದ್ರಾ ಹಿನ್ನೀರನ್ನು ಈ ತಾಲೂಕಿಗೆ ತರುವ ದೊಡ್ಡ ಕುಡಿಯುವ ನೀರಿನ ಯೋಜನೆಗೆ 2025ರ ಜುಲೈಯಲ್ಲಿ ಪಾವಗಡದಲ್ಲೇ ಉದ್ಘಾಟನೆಯಾಯಿತು. ಅಷ್ಟು ದೂರದ ನದಿಯ ನೀರು ಕೊಳವೆಯಲ್ಲಿ ಬರುವ ಕಾಲವೂ ಬಂತು. ಮನೆ ಮುಂದಿನ ಪಿನಾಕಿನಿ ಮಾತ್ರ ಮಳೆಯ ದಾರಿ ಕಾಯುತ್ತಿದೆ.

ಮತ್ತೆ ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದಾಳೆ. ಮಗ ಹತ್ತನೆಯ ತರಗತಿ ಮುಗಿಸುವವರೆಗೆ ಅತ್ತೆ ಮಾವನ ಜೊತೆಗೇ ಇರುವುದು. ಅವರೂ ಅವಳನ್ನು ಮಗಳಂತೆ ನೋಡಿಕೊಳ್ಳುತ್ತಾರೆ, ಅದೊಂದು ದೊಡ್ಡ ನೆಮ್ಮದಿ. ರಜೆಯಲ್ಲಿ ಮಕ್ಕಳಿಗೆ ಅಜ್ಜಿಯ ಮನೆಯಲ್ಲಿ ಕನ್ನಡ ಅಕ್ಷರ ಕಲಿಸುವುದು. ಆ ಕೆಲಸವನ್ನು ನನ್ನ ಮಗಳು ಅಲ್ಲಿಯೇ ಆರಂಭಿಸಿದಳು. ಮೂರನೆಯ ತರಗತಿಯ ಪುಟ್ಟಿ ಎರಡು ದಿನದಲ್ಲಿ ತನ್ನ ಹೆಸರು ಬರೆಯಲು ಕಲಿತಳು. ತೆಲುಗಿಗೂ ಕನ್ನಡಕ್ಕೂ ಲಿಪಿಯಲ್ಲಿ ಎಷ್ಟು ಹತ್ತಿರ! ತಲೆಕಟ್ಟು ಒಂದನ್ನು ಬದಲಿಸಿದರೆ ಎಷ್ಟೋ ಅಕ್ಷರಗಳು ಅವೇ. ದೊಡ್ಡವರಿಗೆ ಕಾಣದ ಈ ನೆಂಟಸ್ತಿಕೆ ಮಗುವಿಗೆ ತಟ್ಟನೆ ಕಂಡಿತು.

ಸಹೋದರಿಯರೇ, ಈ ಕಥೆ ಪಾವಗಡದ್ದು ಮಾತ್ರವೆಂದು ತಿಳಿಯಬೇಡಿ. ಮಂಗಳೂರಿನಿಂದ ಕಾಸರಗೋಡಿಗೆ, ಬೆಳಗಾವಿಯಿಂದ ಕೊಲ್ಹಾಪುರಕ್ಕೆ, ಬೀದರಿನಿಂದ ಜಹೀರಾಬಾದಿಗೆ ಹೆಣ್ಣು ಕೊಟ್ಟವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಗಡಿಯಾಚೆಗೆ ಸಂಬಂಧ ಬೆಳೆಸಬೇಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಯುದ್ಧ ಗೆದ್ದವರು ಎಳೆದ ಗೆರೆಯನ್ನು ನಾವೇ ಗಟ್ಟಿ ಮಾಡಿದಂತೆ. ಆದರೆ ಹುಡುಗನ ಗುಣ, ದೀನ್, ದುಡಿಮೆ ವಿಚಾರಿಸುವ ಹಿರಿಯರು ಒಂದು ಗಂಟೆ ಕಾಗದಗಳ ಬಗ್ಗೆಯೂ ಕೂತು ಮಾತಾಡಬೇಕು.

ನಿಕಾಹ್‌ನಾಮೆ ಕೈಯಲ್ಲಿದ್ದರೆ ಸಾಲದು. ಸರಕಾರದ ವಿವಾಹ ನೋಂದಣಿ ಮಾಡಿಸಿ. ಕರ್ನಾಟಕದಲ್ಲಿ ಅದಕ್ಕೆ 1976ರ ಕಾನೂನಿದೆ, ಆಂಧ್ರದಲ್ಲಿ 2002ರ ಕಾನೂನಿದೆ. ಮಗಳ ಜನನ ಪ್ರಮಾಣಪತ್ರ, ಶಾಲೆಯ ವರ್ಗಾವಣೆ ಪತ್ರ, ಅಂಕಪಟ್ಟಿ, ತಂದೆಯ ವಾಸದ ಮತ್ತು ಜಾತಿಯ ದಾಖಲೆಗಳ ಒಂದೊಂದು ಪ್ರತಿಯನ್ನು ಮದುವೆಯ ಪೆಟ್ಟಿಗೆಯಲ್ಲಿ ಸೀರೆಗಳ ಜೊತೆಗೇ ಇಟ್ಟು ಕಳಿಸಿ. ಹೆಸರಿನ ಕಾಗುಣಿತ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ಉರ್ದು ಹೆಸರು ತೆಲುಗಿನಲ್ಲಿ ಒಂದು ರೀತಿ, ಕನ್ನಡದಲ್ಲಿ ಇನ್ನೊಂದು ರೀತಿ ಆಗಿ, ಕೊನೆಗೆ ಅವಳೇ ಅವಳಲ್ಲ ಎನ್ನುವ ಪರಿಸ್ಥಿತಿ ಬರುತ್ತದೆ. ಮಕ್ಕಳ ಶಾಲೆ ಬದಲಿಸುವ ಮೊದಲು ಆ ರಾಜ್ಯದಲ್ಲಿ ಎಷ್ಟು ವರ್ಷ ಓದಿರಬೇಕೆಂಬ ನಿಯಮವನ್ನು ತಿಳಿದವರನ್ನು ಕೇಳಿ. ಮಸೀದಿಯ ಜಮಾಅತ್‌ಗಳಲ್ಲಿ ಓದಿದ ಯುವಕ ಯುವತಿಯರಿದ್ದಾರೆ. ತಿಂಗಳಿಗೊಂದು ದಿನ ಇಂತಹ ಅರ್ಜಿ ತುಂಬಿಕೊಡುವ ಕೆಲಸ ಇಟ್ಟುಕೊಂಡರೆ ಅದು ದೊಡ್ಡ ಪುಣ್ಯದ ಕೆಲಸ.

ಸರಕಾರಗಳನ್ನೂ ಕೇಳಬೇಕಾದದ್ದಿದೆ. ಗಡಿ ತಾಲೂಕುಗಳಲ್ಲಿ ಮದುವೆಯಿಂದ ಆಚೀಚೆ ಹೋದ ಹೆಂಗಸರಿಗೆ, ಅದರಲ್ಲೂ ವಿಧವೆಯರಿಗೆ, ತವರಿನ ದಾಖಲೆಯನ್ನೂ ಗಂಡನ ಮನೆಯ ದಾಖಲೆಯನ್ನೂ ಮಾನ್ಯ ಮಾಡುವ ಒಂದು ಏರ್ಪಾಡು ಬೇಕು. ರೇಷನ್ ಧಾನ್ಯವನ್ನು ಈಗ ದೇಶದ ಯಾವ ಭಾಗದಲ್ಲಾದರೂ ಪಡೆಯಬಹುದೆಂಬ ವ್ಯವಸ್ಥೆ ಬಂದಿದೆಯಲ್ಲ? ಅಕ್ಕಿ ಗಡಿ ದಾಟಬಹುದಾದರೆ ಪಿಂಚಣಿ, ಬಸ್ಸಿನ ಟಿಕೆಟು ಏಕೆ ದಾಟಬಾರದು? ಎರಡು ಸರಕಾರಗಳ ಅಧಿಕಾರಿಗಳು ಒಂದು ಮೇಜಿನ ಸುತ್ತ ಕುಳಿತರೆ ಆಗದ ಕೆಲಸವೇನಲ್ಲ. ನದಿನೀರಿಗಾಗಿ 1892ರಲ್ಲೇ ಕುಳಿತವರು ಹೆಣ್ಣುಮಕ್ಕಳಿಗಾಗಿ ಇನ್ನೂ ಕುಳಿತಿಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಗಡಿಯಾಚೆ ಕೊಟ್ಟ ಅಕ್ಕತಂಗಿಯರು, ನಾದಿನಿಯರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಈ ಚಳಿಗಾಲದಲ್ಲಿ ಒಮ್ಮೆ ಹೋಗಿ ಬನ್ನಿ. ರಕ್ತಸಂಬಂಧವನ್ನು ಜೋಡಿಸಿಡುವುದು ನಮ್ಮ ಮೇಲಿನ ಹೊಣೆಯಲ್ಲವೇ? ಹೋಗುವಾಗ ಹಣ್ಣು, ಸಿಹಿ ತೆಗೆದುಕೊಂಡು ಹೋಗುತ್ತೀರಿ. ಜೊತೆಗೆ “ನಿನ್ನ ಕಾಗದಗಳೆಲ್ಲ ಸರಿ ಇವೆಯೇ?” ಎಂದು ಒಂದು ಮಾತು ಕೇಳಿ. ಕೇಳುವವರಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಅದನ್ನು ಹೇಳದೆಯೇ ಉಳಿದುಬಿಡುತ್ತಾರೆ.